ಬಾಡಿಗೆಯ ಡೀಸೆಲ್ ಬಂಡಿಯಲ್ಲಿ ನಾಲ್ಕು ದಿನ

ದೂರ ಪ್ರಯಾಣಕ್ಕೆ ಮೋಟಾರನ್ನು ಬಾಡಿಗೆಗೆ ಹಿಡಿಯುವವರು ಹೊರಡುವ ಮುನ್ನ ಹತ್ತು ಜನರನ್ನು ವಿಚಾರಿಸುವರು. ಹಿಂದಿರುಗಿದ ಮೇಲೆ ಬಂಡಿ ಹೇಗಿತ್ತೆಂದು ಒಬ್ಬರಿಗಾದರೂ ಹೇಳುವ ವಾಡಿಕೆಯಿಲ್ಲ. ಹಣ ಕೊಟ್ಟಾಯಿತು, ಬಂಡಿ ಹೋಯಿತು, ಮರೆತೂ ಆಯಿತು. ಸ್ವಂತಕ್ಕೆ ಬಂಡಿಯನ್ನು ಕೊಂಡವನು ಅದರ ಗುಣದೋಷಗಳನ್ನು ವರ್ಷಗಟ್ಟಲೆ ಚರ್ಚಿಸುವನು. ಬಾಡಿಗೆಯ ಬಂಡಿಗೆ ಆ ಭಾಗ್ಯವಿಲ್ಲ. ಕಳೆದ ಮಾಗಿಯಲ್ಲಿ ನಾವು ಆರು ಮಂದಿ ಯಲಹಂಕದಿಂದ ಹೊರಟು, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರಗಳನ್ನು ನೋಡಿಕೊಂಡು, ನಾಲ್ಕು ದಿನಗಳಲ್ಲಿ 1,312 ಕಿಲೋಮೀಟರು ತಿರುಗಿ ಬಂದೆವು. ಗುಡಿಗಳ ವಿಷಯವನ್ನು ಬಲ್ಲವರು ಹೇಳಿರುವರು, ಇನ್ನೂ ಹೇಳುವರು. ನಮ್ಮನ್ನು ಹೊತ್ತು ತಂದ ಬಂಡಿಯ ವಿಷಯವಾಗಿ ಶ್ರೋತೃಗಳಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದಷ್ಟೇ ನಮ್ಮ ಉದ್ದೇಶ.

ಜನರೂ ಸಾಮಾನೂ ಒಂದೇ ಸೂರಿನಡಿಯಲ್ಲಿ ಹೋಗುವಂತೆ ಬೆನ್ನು ಉದ್ದಮಾಡಿ ಕಟ್ಟಿದ ಬಂಡಿಗೆ ಇಂಗ್ಲೆಂಡಿನವರು ‘ಎಸ್ಟೇಟ್ ಕಾರು’ ಎಂದರು. ಅಲ್ಲಿಯ ಜಮೀನುದಾರರ ಎಸ್ಟೇಟುಗಳಲ್ಲಿ ಬಳಕೆಗೆ ಬಂದುದರಿಂದ ಆ ಹೆಸರು. ಅಮೆರಿಕದವರು ರೈಲ್ವೆ ಸ್ಟೇಷನ್ನಿಗೆ ಜನರನ್ನೂ ಪೆಟ್ಟಿಗೆಗಳನ್ನೂ ಒಯ್ಯುವ ಬಂಡಿಯೆಂದು ‘ಸ್ಟೇಷನ್ ವ್ಯಾಗನ್’ ಎಂದರು. ನಮ್ಮಲ್ಲಿ ಜಮೀನುದಾರನಿಗೆ ಎತ್ತಿನ ಗಾಡಿಯಿತ್ತು, ಸ್ಟೇಷನ್ನಿಗೆ ಜಟಕವಿತ್ತು. ಆದುದರಿಂದ ಎರಡು ಹೆಸರುಗಳೂ ಇಲ್ಲಿ ಬೇರೂರಲಿಲ್ಲ. 1992ರಲ್ಲಿ ಟಾಟಾ ಕಂಪನಿಯವರು ‘ಎಸ್ಟೇಟ್’ ಎಂಬ ಹೆಸರನ್ನೇ ಇಟ್ಟು ಒಂದು ಡೀಸೆಲ್ ಕಾರನ್ನು ಹೊರತಂದರು. ಅದು ಬಹುಕಾಲ ಬಾಳಲಿಲ್ಲ. ಆ ಜಾತಿಯ ಕೆಲಸವನ್ನು ನಮ್ಮ ನಾಡಿನಲ್ಲಿ ನಿಜವಾಗಿ ವಹಿಸಿಕೊಂಡುದು 2000ದಲ್ಲಿ ಬಂದ ಕ್ವಾಲಿಸ್, 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾ, ಮತ್ತು 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ. ನಮಗೆ ದೊರೆತುದು ಈ ಕಡೆಯದು. ಇವೆಲ್ಲವೂ ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿ ತಯಾರಾದವು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ದೇಶದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಎಷ್ಟು ಹೆಣಗಿದರೆಂಬುದನ್ನು ಬಲ್ಲವರಿಗೆ, ಬಿಡದಿಯ ಕಂಪನಿ 1997ರಲ್ಲಿ ಸ್ಥಾಪಿತವಾದುದು ಅರುವತ್ತು ವರ್ಷ ತಡವಾಗಿ ತೀರಿದ ಆಸೆಯಂತೆ ತೋರಿದರೆ ಆಶ್ಚರ್ಯವಿಲ್ಲ.

ಡೀಸೆಲ್ ಯಂತ್ರದ ಮರ್ಮವನ್ನು ನಮ್ಮ ರೈತರು ಪಟ್ಟಣದವರಿಗಿಂತ ಮೊದಲೇ ಬಲ್ಲರು. ತೋಟದ ಪಂಪಿಗೆ ಅದನ್ನೇ ಹೂಡಿದ್ದರಷ್ಟೆ? ಪೆಟ್ರೋಲ್ ಯಂತ್ರದಲ್ಲಿ ಕಿಡಿ ಹೊತ್ತಿಸಬೇಕು. ಇದರಲ್ಲಿ ಗಾಳಿಯನ್ನು ಹದಿನೈದು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದರೆ ಅದು ತಾನೇ ಕೆಂಡದಂತೆ ಕಾಯುವುದು. ಆಗ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುವುದು. ಜರ್ಮನಿಯ ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಸಾಧಿಸಿ ತೋರಿಸಿದನು. 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿರುವಾಗ ಕಣ್ಮರೆಯಾದನು. ಅವನ ಯಂತ್ರ ಹಡಗಿಗೂ ಲಾರಿಗೂ ಮೊದಲು ಸೇರಿತು. ಕಾರಿನಲ್ಲಿ ಅದನ್ನಿಟ್ಟು ಮಾರಿದವರಲ್ಲಿ ಮೊದಲಿಗರು ಮರ್ಸಿಡಿಸ್ ಬೆಂಜ್ ಕಂಪನಿಯವರು, 1936ರಲ್ಲಿ. ಆ ಕಾರುಗಳಲ್ಲಿ ಬಹುಪಾಲು ಬಾಡಿಗೆಯ ಬಂಡಿಗಳೇ ಆದುವೆಂಬುದು ನಮ್ಮ ವಿಷಯಕ್ಕೆ ಹತ್ತಿರದ ಮಾತು: ದಿನವೆಲ್ಲ ಓಡುವವನಿಗೆ ಎಣ್ಣೆಯ ಉಳಿತಾಯವೇ ಆದಾಯ. ಅದರ ಉರುಳೆಗಳ ಅಳತೆ 2,545 ಸಿ.ಸಿ., ಶಕ್ತಿ 45 ಅಶ್ವ. ನಾವು ಹಿಡಿದ ಬಂಡಿಯದು 2,393 ಸಿ.ಸಿ., ಶಕ್ತಿ 150. ಯಂತ್ರ ಕಿರಿದಾಯಿತು, ಬಲ ಮೂರು ಮಡಿಯಾಯಿತು. ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಒಳಕ್ಕೆ ಗಾಳಿಯನ್ನು ತುರುಕುವ ಟರ್ಬೊ ಎಂಬ ಉಪಾಯವೂ, ಎಣ್ಣೆಯನ್ನು ಅತಿ ಒತ್ತಡದಲ್ಲಿ ಮಂಜಿನಂತೆ ಎರಚುವ ವಿಧಾನವೂ ಇದಕ್ಕೆ ಕಾರಣ.

ಬೆಳಗಿನ ಐದು ಗಂಟೆಗೆ ಹೆಬ್ಬಾಳದ ಕಡೆಯಿಂದ ಬಂಡಿ ಬಂದಿತು. ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಸೇರಿದರೆ ಪಟ್ಟಣದ ಗೊಡವೆಯಿಲ್ಲ. ಆದರೆ ನಮ್ಮಲ್ಲೊಬ್ಬರನ್ನು ಯಶವಂತಪುರದಲ್ಲಿ ಹತ್ತಿಸಿಕೊಳ್ಳಬೇಕಾಗಿತ್ತು. ಅಲ್ಲಿಯ ಮಾರುಕಟ್ಟೆಗೆ ಈರುಳ್ಳಿಯ ಲಾರಿಗಳು ಬರುವ ವೇಳೆಯದು. ಗೊರಗುಂಟೆಪಾಳ್ಯ ದಾಟುವುದರೊಳಗೆ ಅರ್ಧ ಗಂಟೆ ಕಳೆಯಿತು. ನಿಂತಾಗ ಈ ಯಂತ್ರದ ದನಿ ತನ್ನ ಕುಲವನ್ನು ಮರೆಸುವುದಿಲ್ಲ. ಕಾಲಡಿಯಲ್ಲಿ ಸಣ್ಣ ನಡುಕ, ಕಿವಿಗೆ ಪಂಪಿನ ನೆನಪು. ನೆಲಮಂಗಲ ದಾಟಿ ದಾರಿ ಬಿಚ್ಚಿಕೊಂಡ ಮೇಲೆ ಅದೆಲ್ಲ ಅಡಗಿಹೋಯಿತು. ಹಿಂದಿನ ಸಾಲಿನ ಹುಡುಗಿ ಮಗ್ಗಿ ಹೇಳುತ್ತಿದ್ದುದು ಮುಂದೆ ಕುಳಿತವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಹಳದಿ ಫಲಕದ ಬಂಡಿಯಾದುದರಿಂದ ಗಂಟೆಗೆ 80 ಕಿಲೋಮೀಟರಿಗೆ ಮೀರದಂತೆ ವೇಗನಿಯಂತ್ರಕವನ್ನು ಅಳವಡಿಸಿತ್ತು. ನಮ್ಮಲ್ಲಿಯ ಯುವಕರಿಗೆ ಇದು ಸೆರೆಮನೆಯೆನಿಸಿತು. ಬಿಳಿ ಫಲಕದ ಸಣ್ಣ ಸಣ್ಣ ಕಾರುಗಳು ಹಿಂದಿನಿಂದ ಬಂದು ದಾಟಿ ಹೋಗುವುದನ್ನು ನೋಡಿ ಹಲ್ಲು ಕಡಿದರು. ನಮಗೇನೋ ಅದು ವರವೆಂದೇ ತೋರಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಎಣಿಸಲು ಬಿಡುವು ದೊರೆಯಿತು. ಎಣ್ಣೆಯ ಲೆಕ್ಕದಲ್ಲಿ ಇದರ ಫಲ ಮುಂದೆ ತಿಳಿಯುವುದು.

ಬಂಡಿಯ ನಿಜವಾದ ಪರೀಕ್ಷೆ ಹುಬ್ಬಳ್ಳಿಯಿಂದಾಚೆಗೆ. ನವಲಗುಂದ, ನರಗುಂದಗಳ ನೆಲ ಎರೆಮಣ್ಣು. ಮಳೆಗೆ ಅದು ಉಬ್ಬುವುದು, ಬೇಸಗೆಗೆ ಕುಗ್ಗಿ ಬಿರಿಯುವುದು; ಮೇಲೆ ಎಷ್ಟು ನಯವಾಗಿ ಡಾಂಬರು ಹಾಸಿದರೂ ಕೆಲವೇ ವರ್ಷಗಳಲ್ಲಿ ರಸ್ತೆ ಅಲೆಯಲೆಯಾಗುವುದು. ಹಳ್ಳವಿಲ್ಲ, ಕಲ್ಲಿಲ್ಲ, ಆದರೂ ಬಂಡಿ ದೋಣಿಯಂತೆ ಏಳುತ್ತ ಬೀಳುತ್ತ ಹೋಗುವುದು. ಈ ಬಂಡಿ ಲಾರಿಯಂತೆ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸಿ ಮಾಡಿದುದು. ಆ ಚೌಕಟ್ಟು ಗಟ್ಟಿ. ಲಕ್ಷಗಟ್ಟಲೆ ಕಿಲೋಮೀಟರು ಬಾಡಿಗೆಗೆ ದುಡಿದರೂ ಮೈ ಕಿರುಗುಟ್ಟದಿರುವುದು ಅದರ ಪುಣ್ಯ. ನಡುಸಾಲಿನ ಎರಡು ಪ್ರತ್ಯೇಕ ಆಸನಗಳಲ್ಲಿ ನಮ್ಮ ಹಿರಿಯರಿಬ್ಬರು ಮನೆಯ ಆರಾಮಕುರ್ಚಿಯಲ್ಲಿದ್ದಂತೆ ಇದ್ದರು. ಎಪ್ಪತ್ತೆಂಟು ವರ್ಷದ ನಮ್ಮ ದೊಡ್ಡಮ್ಮನವರು ಮಂಡಿ ನೋವನ್ನು ಒಮ್ಮೆಯೂ ಹೇಳಲಿಲ್ಲ. ಮೂರನೆಯ ಸಾಲಿನ ಸುದ್ದಿ ಬೇರೆ. ಈ ಜಾತಿಯ ಬಂಡಿ ಯಾವುದೇ ಆಗಲಿ, ಕಡೆಯ ಸಾಲು ಹಿಂದಿನ ಗಾಲಿಗಳ ಮೇಲೆಯೇ ಬರುವುದು. ನೆಲ ಎತ್ತರ, ಮಂಡಿ ಎದೆಗೆ ಹತ್ತಿರ, ರಸ್ತೆಯ ಪ್ರತಿಯೊಂದು ಅಲೆಯೂ ಅಲ್ಲಿಗೆ ಮೊದಲು ತಲಪುವುದು. ಕುಳಗೇರಿ ಕ್ರಾಸಿನ ಹೊತ್ತಿಗೆ ಅಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಹೊಟ್ಟೆ ತೊಳಸಿ ನಿಂಬೆಹಣ್ಣು ಬೇಕಾಯಿತು. ಮೂರನೆಯವಳು ಹನ್ನೊಂದು ವರ್ಷದ ಹುಡುಗಿ. ಅವಳು ಇನ್ನೂ ಜೋರಾಗಿ ಹೋಗಲೆಂದಳು. ಆರು ಮಂದಿ ಇಂತಹ ಬಂಡಿಯಲ್ಲಿ ಹೋಗುವುದಾದರೆ ಹಿಂದಿನ ಸಾಲಿನವರು ಎರಡು ಗಂಟೆಗೊಮ್ಮೆ ಸ್ಥಳ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು: ಮೂರು ಸಾಲೂ ತುಂಬಿದರೆ ಹಿಂದೆ ಸಾಮಾನಿಗೆ ಉಳಿಯುವ ಸ್ಥಳ ಅತ್ಯಲ್ಪ. ನಾಲ್ಕು ಪೆಟ್ಟಿಗೆಗಳು ಮೇಲಿನ ಕ್ಯಾರಿಯರಿನಲ್ಲಿ ಟಾರ್ಪಾಲು ಹೊದ್ದು ಕುಳಿತವು. ಜನ ಮತ್ತು ಸಾಮಾನು ಒಂದೇ ಸೂರಿನಡಿ ಎಂಬ ಲಕ್ಷಣ ಅಲ್ಲಿಗೆ ತಪ್ಪಿತು.

ಎರಡನೆಯ ದಿನದ ಸಂಜೆ ಬಾಗಲಕೋಟೆಯನ್ನು ಬಿಟ್ಟು ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದೆವು. ಆಲಮಟ್ಟಿಯ ಹಿನ್ನೀರು ಎರಡು ಕಡೆಗೂ ಕಡಲಿನಂತೆ ಹರಡಿತ್ತು. ಆ ನೋಟಕ್ಕೆ ಬಂಡಿ ನಿಲ್ಲಿಸಲೆಂದು ಕೇಳಿದರೆ, ಸೇತುವೆಯ ಮೇಲೆ ನಿಲ್ಲಿಸತಕ್ಕದ್ದಲ್ಲವೆಂದು ಚಾಲಕರು ವಿನಯದಿಂದಲೇ ನಿರಾಕರಿಸಿ, ದಾಟಿದ ಮೇಲೆ ಒಂದು ಚಹದಂಗಡಿಯ ಬಳಿ ನಿಲ್ಲಿಸಿದರು.

ಈಗ ಈ ಚಾಲಕರ ವಿಷಯ. ಬಂಡಿಯನ್ನು ಕುರಿತ ಮಾತಿನಲ್ಲಿ ಸಾರಥಿಯನ್ನು ಬಿಡುವುದು ಸಲ್ಲದು. ಶಲ್ಯನಂತಹವನು ಸಿಕ್ಕಿದರೆ ರಥ ಎಷ್ಟು ಒಳ್ಳೆಯದಾದರೇನು? ನಮಗೆ ದೊರೆತವರು ಕೊರಟಗೆರೆಯ ಕಡೆಯವರು, ಮೂವತ್ತೈದರ ಆಸುಪಾಸು, ಆರ್.ಟಿ. ನಗರದಲ್ಲಿ ಇನ್ನು ಮೂವರೊಡನೆ ಒಂದು ಕೋಣೆಯಲ್ಲಿ ವಾಸ. ಬಂಡಿ ಅವರದಲ್ಲ, ಒಡೆಯರು ಬೇರೆ. ಮಾತು ಕಡಿಮೆ, ಹಾರನ್ನು ಇನ್ನೂ ಕಡಿಮೆ. ಮೊದಲ ದಿನ 500 ಕಿಲೋಮೀಟರಿಗೆ ಮೇಲ್ಪಟ್ಟು ನಡೆಸಿ ನಮ್ಮನ್ನು ಬಾದಾಮಿಯ ವಸತಿಗೃಹವೊಂದಕ್ಕೆ ಸೇರಿಸಿದರು. ಊಟವಾದ ಮೇಲೆ ಅವರಿಗೆ ಮಲಗಲು ಸ್ಥಳವೆಲ್ಲಿ ಎಂದು ನಾವು ವಿಚಾರಿಸಲು, ಗುಮಾಸ್ತನು ನಮ್ಮನ್ನೇ ವಿಚಿತ್ರವಾಗಿ ನೋಡಿದನು. ಡ್ರೈವರುಗಳು ಬಂಡಿಯಲ್ಲಿಯೇ ಮಲಗುವರೆಂದನು. ಹಾಗೆಯೇ ಇದ್ದಿತು: ಮುಂದಿನ ಆಸನವನ್ನು ಹಿಂದಕ್ಕೆ ಒರಗಿಸಿ, ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ಸೊಳ್ಳೆಗೆ ಟವಲನ್ನು ಮುಖದ ಮೇಲೆ ಹೊದ್ದು ಮಲಗಿದ್ದರು. ನಮ್ಮ ದೊಡ್ಡಮ್ಮನವರು ಹೋಗಿ ಎಬ್ಬಿಸಿ, “ಏಳಪ್ಪಾ, ನಾಳೆ ನಮ್ಮ ಪ್ರಾಣವೆಲ್ಲ ನಿನ್ನ ಕಣ್ಣಿನ ಮೇಲೆ ನಿಂತಿದೆ” ಎಂದು ಹುಡುಗರ ಕೋಣೆಯಲ್ಲಿ ಒಂದು ಹಾಸಿಗೆ ಹಾಕಿಸಿಕೊಟ್ಟರು. ಅವರಿಗೆ ಸಂಕೋಚ; ದೊಡ್ಡಮ್ಮನವರಿಗೆ ಅದು ಲೆಕ್ಕಕ್ಕಿಲ್ಲ.

ಇದು ಒಂದು ಊರಿನ, ಒಂದು ವಸತಿಗೃಹದ ಮಾತಲ್ಲ. ತಮಿಳುನಾಡಿನಲ್ಲಿ 2023ರಲ್ಲಿ, ಅತಿಥಿಗಳ ಬಂಡಿ ನಡೆಸುವವರಿಗೆ ಮಲಗುವ ಸ್ಥಳವನ್ನೂ ಶೌಚಗೃಹವನ್ನೂ ಹೋಟೆಲು ಲಾಡ್ಜುಗಳು ಒದಗಿಸಬೇಕೆಂದು ಕಟ್ಟಡದ ನಿಯಮಗಳಲ್ಲಿ ಸೇರಿಸಿದರು. ಚಾಲಕನ ದುಡಿಮೆಗೆ ಮಿತಿಯಿಲ್ಲವೆಂದೇನೂ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ವಿಧಿಸಿತ್ತು. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ವಿರಾಮವಿರತಕ್ಕದ್ದೆಂದಿತ್ತು. ಆದರೆ ಐವರಿಗಿಂತ ಕಡಿಮೆ ಜನ ದುಡಿಯುವ ಸಂಸ್ಥೆಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದೋ ಎರಡೋ ಬಂಡಿಗಳನ್ನಿಟ್ಟುಕೊಂಡ ಒಡೆಯರೇ ಹೆಚ್ಚಾಗಿರುವ ಈ ಕಸುಬಿನಲ್ಲಿ ಆ ರಕ್ಷಣೆ ಎಷ್ಟು ಮಂದಿಗೆ ದೊರೆತಿರಬಹುದೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಮೂರನೆಯ ದಿನ ಮಧ್ಯಾಹ್ನ ಗೋಳಗುಮ್ಮಟವನ್ನು ನೋಡಿಕೊಂಡು ವಿಜಯಪುರವನ್ನು ಬಿಟ್ಟೆವು. ನಿಡಗುಂದಿ, ಇಳಕಲ್ಲು, ಕುಷ್ಟಗಿ, ಹೊಸಪೇಟೆ, ಕೂಡ್ಲಿಗಿಗಳ ಮೇಲೆ ಚಿತ್ರದುರ್ಗಕ್ಕೆ ಬಂದಾಗ ರಾತ್ರಿ ಒಂಬತ್ತು ಗಂಟೆ. ಇಲ್ಲಿ ನಮ್ಮೊಳಗೆ ವಾಗ್ವಾದ ಹುಟ್ಟಿತು. ಇನ್ನು 200 ಕಿಲೋಮೀಟರು, ಮೂರೂವರೆ ಗಂಟೆ, ಹೋಗಿಯೇ ಬಿಡೋಣ, ಒಂದು ದಿನದ ಬಾಡಿಗೆ ಉಳಿಯುವುದು ಎಂದರು ಕಿರಿಯರು. ಚಾಲಕರನ್ನು ಕೇಳಿದರೆ, “ನೀವು ಹೇಗೆ ಹೇಳಿದರೆ ಹಾಗೆ ಸಾರ್” ಎಂದರು. ಈ ಉತ್ತರವನ್ನು ಒಪ್ಪಿಗೆಯೆಂದು ಎಣಿಸುವವರು ಬಹಳ. ಅವರು ಬೆಳಗಿನ ಐದಕ್ಕೆ ಎದ್ದವರು. ಕೂಡ್ಲಿಗಿಯಿಂದೀಚೆಗೆ ಎರಡು ಸಲ ಗಾಜಿಳಿಸಿ ತಣ್ಣನೆಯ ಗಾಳಿಗೆ ಮುಖವೊಡ್ಡಿದ್ದುದನ್ನು ಮುಂದೆ ಕುಳಿತಿದ್ದ ನಾವು ಕಂಡಿದ್ದೆವು. ಅದಿರಲಿ, ಉಳಿತಾಯವೆಂಬುದಾದರೂ ನಿಜವೆ? ನಮ್ಮ ಕಡೆ ಹೊರಸಂಚಾರದ ಬಾಡಿಗೆಗೆ ಸಾಮಾನ್ಯವಾದ ಕ್ರಮವಿದು: ಕಿಲೋಮೀಟರಿಗೆ ಇಷ್ಟೆಂದು ದರ, ಓಡಲಿ ಬಿಡಲಿ ದಿನಕ್ಕೆ ಕಡಮೆಯೆಂದರೆ ಇಷ್ಟು ಕಿಲೋಮೀಟರಿಗೆ ಹಣ—ನಮ್ಮ ಕರಾರಿನಲ್ಲಿ 300, ಚಾಲಕರ ಭತ್ಯ ದಿನಕ್ಕೊಂದು, ಟೋಲು, ನಿಲುಗಡೆಯ ಶುಲ್ಕ ಬೇರೆ. ಎಣಿಕೆ ಬಂಡಿಯ ಷೆಡ್ಡಿನಿಂದ ಷೆಡ್ಡಿಗೆ. ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ನಾಲ್ಕು ದಿನಕ್ಕೆ ಕನಿಷ್ಠ 1,200 ಕಿಲೋಮೀಟರು. ನಮ್ಮ ಓಟವೋ ಅದನ್ನು ಮೀರುವುದರಲ್ಲಿತ್ತು. ಅಂದಮೇಲೆ ಮೂರು ದಿನವಾದರೂ ನಾಲ್ಕು ದಿನವಾದರೂ ಓಡಿದ ಕಿಲೋಮೀಟರಿಗೇ ಹಣ. ಉಳಿಯುವುದು ಒಂದು ದಿನದ ಭತ್ಯ ಮಾತ್ರ. ಯಲಹಂಕ ತಲಪುವಾಗ ಹನ್ನೆರಡು ದಾಟಿದರೆ ಅದೂ ಇಲ್ಲ. ಈ ಲೆಕ್ಕವನ್ನು ಊಟದ ಮೇಜಿನ ಮೇಲೆ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದ ಮೇಲೆ ವಾದ ನಿಂತಿತು. ಅಂದು ರಾತ್ರಿ ಅಲ್ಲಿಯೇ ತಂಗಿದೆವು. ಚಾಲಕರಿಗೂ ಒಂದು ಕೋಣೆ ಹಿಡಿದೆವು. ಬೆಳಗ್ಗೆ ಎಂಟರವರೆಗೆ ಅವರ ಬಾಗಿಲು ತೆರೆಯಲಿಲ್ಲ, ನಾವೂ ತಟ್ಟಲಿಲ್ಲ.

ಕಡೆಯ ಲೆಕ್ಕವನ್ನೂ ಹೇಳಿಬಿಡುವೆವು. 1,312 ಕಿಲೋಮೀಟರಿಗೆ 105 ಲೀಟರು ಡೀಸೆಲ್ ಹಿಡಿಯಿತು, ಲೀಟರಿಗೆ ಹನ್ನೆರಡೂವರೆ. ಏಳು ಜನ, ನಾಲ್ಕು ಪೆಟ್ಟಿಗೆ, ದಿನವೆಲ್ಲ ತಂಪುಗಾಳಿಯ ಯಂತ್ರ—ಇಷ್ಟನ್ನು ಹೊತ್ತ ಬಂಡಿಗೆ ಇದು ಮೆಚ್ಚತಕ್ಕ ಫಲ. 80ರ ಮಿತಿಗೂ ಇದರಲ್ಲಿ ಪಾಲುಂಟು. ವೇಗ ಏರಿದಷ್ಟೂ ಗಾಳಿಯ ತಡೆ ಅದರ ವರ್ಗದಂತೆ ಏರುವುದೆಂಬುದನ್ನು ಭೌತಶಾಸ್ತ್ರ ಓದಿದವರು ಬಲ್ಲರು. ಒಂದು ಲೀಟರು ಡೀಸೆಲಿನಲ್ಲಿ ಪೆಟ್ರೋಲಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು ಶಕ್ತಿಯೂ ಉಂಟು. ಡೀಸೆಲಿನ ಬೆಲೆಯನ್ನು ಸರ್ಕಾರವು ಕಟ್ಟಿಡುತ್ತಿದ್ದ ಕಾಲ 2014ರ ಅಕ್ಟೋಬರಿಗೆ ಮುಗಿಯಿತಾಗಿ, ಅಗ್ಗದ ಎಣ್ಣೆಯೆಂಬ ಹಳೆಯ ಆಕರ್ಷಣೆ ಬಹಳ ಮಟ್ಟಿಗೆ ಕುಗ್ಗಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ನಿಯಮ ಬಂದು, ಎಣ್ಣೆಯಲ್ಲಿಯ ಗಂಧಕ ಹತ್ತು ಲಕ್ಷಕ್ಕೆ ಐವತ್ತು ಭಾಗದಿಂದ ಹತ್ತಕ್ಕೆ ಇಳಿಯಿತು. ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿಗಳು ಹೊಸ ಬಂಡಿಗಳಿಗೆ ಸೇರಿದವು. ಅವುಗಳ ಖರ್ಚು ತಾಳದೆಂದು ಸಣ್ಣ ಕಾರುಗಳಲ್ಲಿ ಡೀಸೆಲನ್ನೇ ಕೈಬಿಟ್ಟ ಕಂಪನಿಗಳುಂಟು. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಂಜೆ ಆರು ಗಂಟೆಗೆ ನಿಂತವರಾರೂ ಆ ನಿಯಮವನ್ನು ಹಳಿಯಲಾರರು.

ನಾಲ್ಕನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಯಲಹಂಕವನ್ನು ಮುಟ್ಟಿದೆವು. ಪೆಟ್ಟಿಗೆಗಳನ್ನು ಇಳಿಸಿ, ಮೀಟರನ್ನು ಓದಿ, ರುಜು ಮಾಡಿ, ಹಣ ಕೊಟ್ಟೆವು. ದೊಡ್ಡಮ್ಮನವರು ಊಟಕ್ಕೆ ಏಳೆಂದರು. ಚಾಲಕರು ಕೈಗಡಿಯಾರವನ್ನು ನೋಡಿಕೊಂಡು, ಸಮಯವಿಲ್ಲವೆಂದು ಒಂದು ಲೋಟ ಮಜ್ಜಿಗೆಯನ್ನು ಮಾತ್ರ ಕುಡಿದರು. ಬಂಡಿಯನ್ನು ತೊಳೆಸಬೇಕಾಗಿತ್ತು. ಅಂದೇ ಸಂಜೆ ಏಳಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೇರೊಂದು ಕುಟುಂಬ ಇಳಿಯುವುದರಲ್ಲಿತ್ತು. ಅವರನ್ನು ಹತ್ತಿಸಿಕೊಂಡು ರಾತ್ರಿಯೇ ತಿರುಪತಿಗೆ ಹೊರಡಬೇಕೆಂದು ಒಡೆಯರ ಅಪ್ಪಣೆಯಾಗಿತ್ತು.