ವಿಮಾನ ಯಾರದ್ದು, ಸಂಬಳ ಯಾರದ್ದು?

ಇವತ್ತು ವಿಮಾನದ ಬಗ್ಗೆ ಮಾತಾಡೋಣ. ಟಿಕೆಟ್ ಕೊಂಡು ಹತ್ತುವವರ ಕಡೆಯಿಂದ ಅಲ್ಲ. ವಿಮಾನ ಬಾಡಿಗೆಗೆ ಕೊಡುವವರು, ಅದರಲ್ಲಿ ಸರಕು ಸಾಗಿಸುವವರು, ಅದನ್ನು ರಿಪೇರಿ ಮಾಡುವವರು, ಇವರ ಕಡೆಯಿಂದ. ಐಟಿಯವರಿಗೆ ಇದೆಲ್ಲ ಯಾಕೆ ಅಂದರೆ, ಬುಕಿಂಗ್, ಕಾರ್ಗೊ ಟ್ರ್ಯಾಕಿಂಗ್, ಮೇಂಟೆನೆನ್ಸ್ ದಾಖಲೆ ಎಲ್ಲವೂ ಈಗ ಸಾಫ್ಟ್‌ವೇರ್. ಕಂಪನಿ ಮುಚ್ಚಿದ ದಿನ ಪೈಲಟ್ ಜೊತೆ ನಮ್ಮವರ ಸಂಬಳವೂ ನಿಲ್ಲುತ್ತೆ.

ನಾವು ಸೇರಿರುವ ಬಾಂದ್ರಾದಿಂದಲೇ ಶುರು ಮಾಡ್ತೀನಿ. 1953ರಲ್ಲಿ ಸರ್ಕಾರ ವಿಮಾನಯಾನವನ್ನು ರಾಷ್ಟ್ರೀಕರಣ ಮಾಡಿತು. ಆಮೇಲೆ ಖಾಸಗಿಯವರಿಗೆ ಬಾಗಿಲು ತೆರೆದಾಗ, 1992ರಲ್ಲಿ ಮೊದಲು ಹಾರಿದವರಲ್ಲಿ ಒಂದು ಈಸ್ಟ್-ವೆಸ್ಟ್ ಏರ್‌ಲೈನ್ಸ್. ಅದರ ಕಚೇರಿ ಇದೇ ಬಾಂದ್ರಾದಲ್ಲಿತ್ತು. ಹಾರಿಸುತ್ತಿದ್ದದ್ದು ಲೀಸ್‌ಗೆ ತಂದ ಬೋಯಿಂಗ್ 737-200 ವಿಮಾನಗಳನ್ನು. 1995ರ ನವೆಂಬರ್‌ನಲ್ಲಿ ಅದರ ಮುಖ್ಯಸ್ಥ ತಖಿಯುದ್ದೀನ್ ವಾಹಿದ್ ಅವರನ್ನು ಬಾಂದ್ರಾದಲ್ಲೇ ಗುಂಡಿಕ್ಕಿ ಕೊಂದರು. ಮರುವರ್ಷ ಕಂಪನಿ ಮುಚ್ಚಿತು.

ಲೀಸ್ ಅಂದರೆ ಏನು? ಮುಂಬೈಯಲ್ಲಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಮೇಲೆ ಮನೆ ಹಿಡಿದವರಿಗೆ ಬೇಗ ಅರ್ಥ ಆಗುತ್ತೆ. ಡ್ರೈ ಲೀಸ್ ಅಂದರೆ ಬರೀ ಖಾಲಿ ಮನೆ. ಪೈಲಟ್, ವಿಮೆ, ಮೇಂಟೆನೆನ್ಸ್ ಎಲ್ಲ ಬಾಡಿಗೆದಾರನದ್ದು. ವೆಟ್ ಲೀಸ್ ಅಂದರೆ ಪಿಜಿ ಇದ್ದ ಹಾಗೆ. ವಿಮಾನ, ಸಿಬ್ಬಂದಿ, ಮೇಂಟೆನೆನ್ಸ್, ವಿಮೆ ನಾಲ್ಕೂ ಕೊಡುವವನದ್ದೇ. ತಗೊಂಡವನು ಹಾರಿದ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು, ಇಂಧನ ತಾನೇ ತುಂಬಿಸ್ತಾನೆ.

ಈಗ ಸರಕು. ವಿಮಾನದಲ್ಲಿ ತೂಕದಷ್ಟೇ ಜಾಗಕ್ಕೂ ಬೆಲೆ. 60 × 50 × 40 ಸೆಂ.ಮೀ. ಪೆಟ್ಟಿಗೆ ಅಂದುಕೊಳ್ಳಿ. ಗುಣಿಸಿ 6000ದಿಂದ ಭಾಗಿಸಿದರೆ 20. ಪೆಟ್ಟಿಗೆಯ ನಿಜವಾದ ತೂಕ 8 ಕೆಜಿ ಇದ್ದರೂ 20 ಕೆಜಿಯ ದರ ಕಟ್ಟಬೇಕು. ಹಾಗಾಗಿ ಚಿಕ್ಕದಾಗಿದ್ದು ಬೆಲೆ ಜಾಸ್ತಿ ಇರುವ ವಸ್ತುವಿಗೆ ವಿಮಾನ ಹೇಳಿ ಮಾಡಿಸಿದ್ದು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಭಾರತ್ ಡೈಮಂಡ್ ಬೋರ್ಸ್ ನೋಡಿ. ಕಸ್ಟಮ್ಸ್ ಕ್ಲಿಯರೆನ್ಸ್ ಅದರ ಆವರಣದಲ್ಲೇ ಆಗುತ್ತೆ, ವಜ್ರ ಅಲ್ಲಿಂದ ಸೀದಾ ಏರ್‌ಪೋರ್ಟಿಗೆ.

ಆದರೆ ಸರಕಿಗೊಂದು ತೊಂದರೆ ಇದೆ. ಊರಿಗೆ ಹೋದ ಪ್ರಯಾಣಿಕ ವಾಪಸ್ ಬರ್ತಾನೆ, ಪೆಟ್ಟಿಗೆ ಬರಲ್ಲ. ಬರುವಾಗ ವಿಮಾನ ಖಾಲಿ ಇದ್ದರೂ ಇಂಧನ ಸುಡಲೇಬೇಕು, ಲೀಸ್ ಕಟ್ಟಲೇಬೇಕು. ಅದರ ಮೇಲೆ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಹೇಗೂ ಜಾಗ ಇರುತ್ತೆ. ಅವರು ಕಡಿಮೆ ದರಕ್ಕೆ ಒಯ್ಯಬಲ್ಲರು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹೆಲಿಕಾಪ್ಟರ್ ಬಾಡಿಗೆ ಕಂಪನಿಯಿಂದ ಶುರು ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. 2009ರಲ್ಲಿ ನಾಗಪುರವನ್ನು ಕೇಂದ್ರ ಮಾಡಿಕೊಂಡು ಡೆಕ್ಕನ್ 360 ಅನ್ನುವ ಸರಕು ಸೇವೆ ತಂದರು. 2011ರಲ್ಲಿ ಅದು ನಿಂತಿತು. ಕಡಿಮೆ ದರದ ಟಿಕೆಟ್‌ನಿಂದ ದೇಶವನ್ನೇ ವಿಮಾನ ಹತ್ತಿಸಿದವರಿಗೂ ಸರಕಿನ ಲೆಕ್ಕ ಒಲಿಯಲಿಲ್ಲ.

ಮೂರನೆಯದು ಮೇಂಟೆನೆನ್ಸ್. ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ, ಕೆಲಸ ಮುಗಿಸಿಕೊಂಡ ವಿಮಾನ ಮತ್ತೆ ಹಾರುವಂತಿಲ್ಲ. ಎಂಜಿನ್ನಿನ ಕೆಲವು ಭಾಗಗಳಿಗೆ ಇಷ್ಟೇ ಸಲ ಹಾರಬಹುದು ಅನ್ನೋ ಮಿತಿ ಇದೆ. ಅಂಥ ಭಾಗ ಕಾರ್ಖಾನೆ ಬಿಟ್ಟ ದಿನದಿಂದ ಇವತ್ತಿನವರೆಗೆ ಎಲ್ಲಿತ್ತು, ಎಷ್ಟು ಹಾರಿತು ಅನ್ನೋ ದಾಖಲೆ ಬೇಕು. ದಾಖಲೆ ಇಲ್ಲದಿದ್ದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಗುಜರಿ. ಲಾಗ್ ಕಳೆದುಹೋದ ಡೇಟಾಬೇಸ್ ಅನ್ನು ಯಾರೂ ನಂಬದ ಹಾಗೆ.

ಈಗ ಅಸಲಿ ಪ್ರಶ್ನೆಗೆ ಬರೋಣ. ಕಂಪನಿ ಬಿದ್ದರೆ ಮೊದಲು ಯಾರ ಕೈಗೆ ಏನು ಸಿಗುತ್ತೆ?

2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು. ನಮ್ಮ ದಿವಾಳಿ ಕಾನೂನಿನ ಪ್ರಕಾರ ಆಗ ಆಸ್ತಿಯನ್ನು ಯಾರೂ ಮುಟ್ಟುವಂತಿಲ್ಲ. ಲೀಸ್ ಕೊಟ್ಟವರು ತಮ್ಮ ವಿಮಾನ ವಾಪಸ್ ಪಡೆಯಲು ಹೋರಾಡಿದರು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದು ಮಾಡಲು ಹೇಳಿತು. 2025ರಲ್ಲಿ ಸಂಸತ್ತು ಕೇಪ್‌ಟೌನ್ ಒಪ್ಪಂದಕ್ಕೆ ಕಾನೂನಿನ ಬಲ ಕೊಟ್ಟಿತು. ವಿಮಾನದ ಮಾಲೀಕನ ಹಕ್ಕು ಈಗ ಗಟ್ಟಿ. ಅದು ತಪ್ಪಲ್ಲ. ಆ ಭರವಸೆ ಇಲ್ಲದಿದ್ದರೆ ಲೀಸ್ ದರ ಏರುತ್ತೆ, ಟಿಕೆಟ್ ದರವೂ ಏರುತ್ತೆ.

ಕೆಲಸ ಮಾಡುವವರಿಗೇನು? ಆ ಒಪ್ಪಂದಕ್ಕೆ ಸೇರುವಾಗಲೇ ಭಾರತ ಒಂದು ಘೋಷಣೆ ಕೊಟ್ಟಿದೆ. ಮೂರು ಬಾಕಿಗಳಿಗೆ ವಿಮಾನದ ಮಾಲೀಕನಿಗಿಂತ ಮುಂದಿನ ಸ್ಥಾನ. ನೌಕರರ ಸಂಬಳ, ಸರ್ಕಾರದ ತೆರಿಗೆ-ಶುಲ್ಕ, ರಿಪೇರಿ ಮಾಡಿದವನ ಬಿಲ್. ಆದರೆ ಷರತ್ತು ಸಣ್ಣ ಅಕ್ಷರದಲ್ಲಿದೆ. ಲೀಸ್ ಕಟ್ಟಲು ಏರ್‌ಲೈನ್ ತಪ್ಪಿದೆ ಅಂತ ಘೋಷಣೆ ಆದ ನಂತರದ ಸಂಬಳಕ್ಕೆ ಮಾತ್ರ ಈ ಸ್ಥಾನ. ಅದಕ್ಕೂ ಹಿಂದಿನ ಬಾಕಿಗೆ ಇಲ್ಲ. ರಿಪೇರಿಯವನಿಗೂ ಅಷ್ಟೇ, ವಿಮಾನ ಅವನ ವಶದಲ್ಲಿ ಇರಬೇಕು. ಬಿಲ್ ಕಟ್ಟುವವರೆಗೆ ಗಾಡಿ ಬಿಡದ ಗ್ಯಾರೇಜಿನವನ ಹಾಗೆ.

ಜೆಟ್ ಏರ್‌ವೇಸ್ ನೋಡಿ. 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ನಿಲ್ಲುವ ಮೊದಲೇ ಸಂಬಳ ಬಾಕಿ ಇತ್ತು. ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್ 7ರಂದು. ಐದೂವರೆ ವರ್ಷ. ಅಷ್ಟು ಕಾಲ ಯಾರ ಇಎಂಐ ಕಾಯುತ್ತೆ ಹೇಳಿ?

ಅದಕ್ಕೇ ಇಂಥ ಕಂಪನಿಯಿಂದ ಆಫರ್ ಬಂದರೆ ಸಂಬಳದ ಅಂಕಿಯ ಜೊತೆ ಒಂದು ಮಾತು ಕೇಳಿ: ನಿಮ್ಮ ವಿಮಾನಗಳಲ್ಲಿ ಸ್ವಂತದ್ದೆಷ್ಟು, ಲೀಸ್‌ನದ್ದೆಷ್ಟು? ಎಲ್ಲವೂ ಲೀಸ್ ಆಗಿದ್ದರೆ ಬಿದ್ದ ದಿನ ಮಾರಿ ಹಂಚಲು ಕುರ್ಚಿ ಮೇಜು ಬಿಟ್ಟು ಹೆಚ್ಚೇನೂ ಉಳಿಯಲ್ಲ. ಒಂದು ತಿಂಗಳ ಸಂಬಳ ತಡವಾದರೆ, "ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ" ಅನ್ನೋ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸ್ಯಾಲರಿ ಸ್ಲಿಪ್‌ಗಳನ್ನು ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಬಿಡಬೇಡಿ. ದಿವಾಳಿ ಪ್ರಕ್ರಿಯೆ ಶುರುವಾದರೆ ನೌಕರರ ಬಾಕಿಗೆ ಫಾರ್ಮ್ ಡಿ ಅಂತ ಇದೆ. ಗಡುವಿನೊಳಗೆ ಪುರಾವೆ ಸಮೇತ ತುಂಬಿ ಕೊಡಿ.

ಎಂಜಿನ್ನಿನ ಒಂದು ಸಣ್ಣ ಭಾಗಕ್ಕೇ ಹುಟ್ಟಿದ ದಿನದಿಂದ ದಾಖಲೆ ಕೇಳುವ ಉದ್ಯಮ ಇದು. ನಮ್ಮ ದುಡಿಮೆಯ ದಾಖಲೆಯನ್ನು ನಾವೇ ಇಟ್ಟುಕೊಳ್ಳೋಣ.