ಮೊಳಕೆ ರಾಗಿ ಹಿಟ್ಟು



6 ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ರಾಗಿ ಗಂಜಿ ಕೊಡ್ತೀವಿ. ಗಟ್ಟಿ ಇದ್ದರೆ ನುಂಗೋದಿಲ್ಲ. ನೀರು ಹೆಚ್ಚು ಹಾಕಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತೆ, ಮಗು ಸೊರಗುತ್ತೆ. ಏನು ಮಾಡೋಣ?

ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಆಗ ಕಾಳಿನಲ್ಲಿ ಕಿಣ್ವ ಹೆಚ್ಚುತ್ತೆ. ಕಿಣ್ವ ಅಂದರೆ ಜೀವಿಗಳ ಮೈಯಲ್ಲಿ ಕೆಲಸ ಬೇಗ ಮಾಡಿಸೋ ವಸ್ತು. ನಮ್ಮ ಎಂಜಲಲ್ಲೂ ಇದೆ. ಅನ್ನ ಅಗಿದಷ್ಟೂ ಸಿಹಿ ಆಗುತ್ತಲ್ಲ, ಅದರಿಂದಲೇ! ಅದು ಪಿಷ್ಟವನ್ನು ತುಂಡು ಮಾಡುತ್ತೆ. ತಾನು ಸವೆಯೋದಿಲ್ಲ.

ಮೊಳಕೆ ರಾಗಿ ಬಿಸಿಲಲ್ಲಿ ಒಣಗಿಸಿ ಬೀಸಿ. ಜೋರಾಗಿ ಹುರಿಯಬೇಡಿ, ಕಿಣ್ವ ಕೆಡುತ್ತೆ. ಗಟ್ಟಿ ಗಂಜಿ ಬೇಯಿಸಿ ಇಳಿಸಿ. ಕುದಿ ನಿಂತ ಮೇಲೆ, ಬಿಸಿ ಇರುವಾಗಲೇ ಒಂದು ಚಮಚ ಈ ಹಿಟ್ಟು ಕಲಸಿ. ನೋಡನೋಡುತ್ತಾ ಗಂಜಿ ತೆಳುವಾಗುತ್ತೆ, ನೀರು ಬೇಡ. ಮತ್ತೆ ಒಂದು ಕುದಿ ಬರಿಸಿ, ಆರಿಸಿ ತಿನ್ನಿಸಿ.