ಮೊದಲು ಕೈ ಪಳಗಲಿ, ಆಮೇಲೆ ಯಂತ್ರ ಬರಲಿ



ಮೊಬೈಲ್ ಕವರ್ ಮೇಲೆ ಫೋಟೋ ಅಚ್ಚು ಹಾಕುವ ಕೆಲಸಕ್ಕೆ ಸಂಘದಿಂದ ಸಾಲ ತಗೊಳ್ಳಬಹುದಾ ಅಂತ ಹಲವರು ಕೇಳಿದ್ದೀರಿ. ತಗೊಳ್ಳಿ, ಆದರೆ ಮೊದಲು ಕೆಲಸ ಕಲಿಯಿರಿ.

ಇದಕ್ಕೆ ಸಬ್ಲಿಮೇಶನ್ ಎನ್ನುತ್ತಾರೆ. ಮುಚ್ಚಳ ಹಾಕದೆ ಇಟ್ಟ ಕರ್ಪೂರ ನೀರಾಗದೆ ಹಾಗೇ ಸವೆದು ಹೋಗುತ್ತದಲ್ಲ? ಈ ಶಾಯಿಯೂ ಬಿಸಿಗೆ ನೇರ ಆವಿಯಾಗಿ ಲೇಪನದೊಳಗೆ ಇಳಿಯುತ್ತದೆ. ಅದಕ್ಕೇ ಪಾಲಿಯೆಸ್ಟರ್ ಲೇಪನವಿರುವ ಬಿಳಿ ಅಲ್ಯೂಮಿನಿಯಂ ತಗಡು ಬೇಕು. ಇದು ಕವರ್ ಜೊತೆಗೇ ಸಿಗುತ್ತದೆ.

ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಸಬ್ಲಿಮೇಶನ್ ಕಾಗದದ ಮೇಲೆ ಪ್ರಿಂಟ್ ಮಾಡಬೇಕು. ತಗಡಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು, ಕಾಗದವನ್ನು ಬಿಸಿ ತಡೆಯುವ ಟೇಪಿನಿಂದ ಅಂಟಿಸಿ, ಹೀಟ್ ಪ್ರೆಸ್‌ನಲ್ಲಿ 190ರಿಂದ 200 ಡಿಗ್ರಿ ಬಿಸಿಯಲ್ಲಿ ಸುಮಾರು ಒಂದು ನಿಮಿಷ ಒತ್ತಬೇಕು. ಆರಿದ ಮೇಲೆ ತಗಡನ್ನು ಕವರಿಗೆ ಅಂಟಿಸುವುದು. ಕಿಟಕಿ ತೆರೆದಿಡಿ, ಮಕ್ಕಳು ಹತ್ತಿರ ಬಾರದಿರಲಿ.

ನಾನು ಪರಿಚಯದವರ ಪ್ರೆಸ್‌ನಲ್ಲಿ ಕಲಿತೆ. ಮೊದಲನೆಯದರಲ್ಲಿ ಹೆಸರು ಉಲ್ಟಾ ಬಂತು. ಎರಡನೆಯದರಲ್ಲಿ ಹಾಳೆ ಕೀಳೋದೇ ಮರೆತೆ. ಅಳು ಬಂತು. ಆದರೆ ಹಾಳಾಗಿದ್ದು ಎರಡು ತಗಡು, ಸಾಲದ ದುಡ್ಡಲ್ಲ.

ಇನ್ನೊಂದು ಮಾತು. ಒಂದೊಂದು ಮಾಡೆಲ್ ಫೋನಿಗೂ ಕವರ್ ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ನೂರು ತಂದರೆ, ಹೊಸ ಫೋನ್ ಬಂದಾಗ ಅವು ಮೂಲೆ ಸೇರುತ್ತವೆ. ಆರ್ಡರ್ ಬಂದ ಮೇಲೆ ತನ್ನಿ. ಬೆಲೆ ಕಟ್ಟುವಾಗ ಕಾಗದ, ಶಾಯಿ, ಕರೆಂಟು, ಹಾಳಾದ ಮಾಲು, ನಿಮ್ಮ ಕೂಲಿ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ.

ಸಂಘದ ಹಣ ವಾರ ವಾರ ಕೂಡಿಟ್ಟ ನಮ್ಮೆಲ್ಲರ ಬೆವರು. ಅದು ನೆನಪಿರಲಿ. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.